ಮೊದಲು ಚೀಟಿಯಲ್ಲಿ ಅಂಕ ಬರೆಯಿರಿ, ಭವಿಷ್ಯ ಆಮೇಲೆ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಆರೋಗ್ಯ ಪುರವಣಿಯಲ್ಲಿ, ಕೈ ನಡುಗಿ, ಮೈ ಬಿಗಿದು, ನಡಿಗೆ ನಿಧಾನವಾಗುತ್ತಾ ಹೋಗುವ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಒಮ್ಮೆ ಒಲೆಯ ಮುಂದೆ, ಇನ್ನೊಮ್ಮೆ ಮನೆಯವರು ಮಲಗಿದ ಮೇಲೆ. ರೋಗಿಯ ನಡಿಗೆ, ದನಿ, ರಕ್ತ ಎಲ್ಲ ನೋಡಿ ಇನ್ನು ಐದು ವರ್ಷಕ್ಕೆ ಅವರು ಹೇಗಿರುತ್ತಾರೆ ಅನ್ನುವುದನ್ನು ಕಂಪ್ಯೂಟರು ಈಗಲೇ ಹೇಳುವ ದಿನ ದೂರವಿಲ್ಲ ಎಂದು ಅದರಲ್ಲಿತ್ತು. ಹೇಳಲಿ, ಸಂತೋಷ. ಆದರೆ ಅದಕ್ಕೆ ಬೇಕಾದ ಮೊದಲನೇ ಸಾಮಾನೇ, ಅಂದರೆ ರೋಗಿ ಪ್ರತಿ ಸಲ ಹೇಗಿದ್ದ ಎಂದು ಬರೆದಿಟ್ಟ ಲೆಕ್ಕವೇ, ನಮ್ಮಲ್ಲಿ ಇಲ್ಲ ಅನ್ನುವುದನ್ನು ಆ ಬರಹ ಹೇಳಲಿಲ್ಲ. ಏಳು ವರ್ಷದಿಂದ ಈ ಕಾಯಿಲೆಯ ಜೊತೆ ಒಂದೇ ಸೂರಿನಡಿ ಇರುವ ನಾನು ಅದನ್ನು ಹೇಳಬೇಕೆಂದು ಈ ಕಾಗದ ಬರೆಯುತ್ತಿದ್ದೇನೆ.

ನಾನು ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ 31 ವರ್ಷ ಅಂಗನವಾಡಿ ನಡೆಸಿ 2023ರಲ್ಲಿ ನಿವೃತ್ತಳಾದವಳು. ತಿಂಗಳಿಗೊಮ್ಮೆ ತೊಲೆಗೆ ತಕ್ಕಡಿ ನೇತುಹಾಕಿ, ಕಿರುಚುವ ಮಗುವನ್ನು ಅದರ ಚೀಲದೊಳಗೆ ಕೂರಿಸಿ, ಮುಳ್ಳು ಆಡುವುದು ನಿಲ್ಲುವವರೆಗೆ ಕಾದು ತೂಕ ಬರೆಯುವುದು ನಮ್ಮ ಕೆಲಸ. ಬರೆದ ತೂಕಕ್ಕೆ ಬೆಳವಣಿಗೆ ಚಾರ್ಟಿನಲ್ಲಿ ಒಂದು ಚುಕ್ಕಿ ಇಟ್ಟು, ಹಿಂದಿನ ತಿಂಗಳ ಚುಕ್ಕಿಯಿಂದ ಗೆರೆ ಎಳೆಯಬೇಕು. ಹಸಿರು ಪಟ್ಟಿ, ಹಳದಿ ಪಟ್ಟಿ, ಕಿತ್ತಳೆ ಪಟ್ಟಿ ಎಂದು ಬಣ್ಣಗಳಿರುತ್ತವೆ. ಹೊರಗಿನವರು ಬಣ್ಣ ನೋಡುತ್ತಾರೆ. ಕೆಲಸ ಮಾಡಿದವರು ಗೆರೆ ನೋಡುತ್ತಾರೆ. ಒಂಬತ್ತು ಕೆಜಿಯ ಮಗುವನ್ನು ತೋರಿಸಿ ಇದು ಹುಷಾರಾಗಿದೆಯಾ ಎಂದರೆ ನನಗೆ ಗೊತ್ತಾಗುವುದಿಲ್ಲ. ಹೋದ ತಿಂಗಳು ಎಷ್ಟಿತ್ತು, ಅದರ ಹಿಂದಿನ ತಿಂಗಳು ಎಷ್ಟಿತ್ತು ಹೇಳಿ, ಆಮೇಲೆ ಹೇಳುತ್ತೇನೆ. ಹಸಿರಿನಲ್ಲೇ ಇದ್ದು ಮೂರು ತಿಂಗಳಿಂದ ಗೆರೆ ಮಲಗಿಬಿಟ್ಟ ಮಗು ನನ್ನನ್ನು ಹೆದರಿಸುತ್ತಿತ್ತು. ಹಳದಿಯಲ್ಲಿದ್ದರೂ ಗೆರೆ ಏರುತ್ತಿದ್ದ ಮಗುವಿನ ಚಿಂತೆಯಲ್ಲಿ ನಾನು ನಿದ್ದೆಗೆಟ್ಟಿದ್ದಿಲ್ಲ.

ನಮ್ಮ ಮನೆಯವರಿಗೆ ಈಗ 69. ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದರು. ಬೆಳಿಗ್ಗೆ ಸಂಜೆ ಹಾಲು ಅಳೆದು, ಫ್ಯಾಟು ನೋಡಿ, ರಿಜಿಸ್ಟರಿಗೆ ಬರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೆಲ್ಲ ಹೇಳುತ್ತಿತ್ತು. ಸಂಘದ ನಿರ್ಣಯ, ಮದುವೆ ಕರೆಯೋಲೆಯ ಕರಡು, ಯಾರದೋ ಪಾಲುಪಟ್ಟಿ ಎಲ್ಲ ಇವರ ಕೈಯಲ್ಲೇ ಬರೆಸುತ್ತಿದ್ದರು. ಕಾಯಿಲೆ ಪತ್ತೆಯಾದದ್ದು 2018ರಲ್ಲಿ. ನಡೆಯುವಾಗ ಬಲಗೈ ಬೀಸುವುದೇ ನಿಂತುಹೋಗಿದೆ ಎಂದು ರಜೆಗೆ ಬಂದ ಮಗ ಗುರುತಿಸಿದ. ನಾನು ದಿನಾ ನೋಡುವವಳು, ನನಗೆ ಕಾಣಲಿಲ್ಲ.

ಆಮೇಲೆ ಹಿಂದಕ್ಕೆ ಹೋಗಿ ನೋಡಿದರೆ ಎಲ್ಲವೂ ಕಾಣುತ್ತದೆ. 2012ರ ಸುಮಾರಿಗೆ ನಿದ್ದೆಯಲ್ಲಿ ಕೂಗುವುದು, ಒದೆಯುವುದು ಶುರುವಾಗಿತ್ತು. ಕನಸಿನಲ್ಲಿ ಯಾವುದೋ ಹೋರಿ ಅಟ್ಟಿಸಿಕೊಂಡು ಬಂತಂತೆ, ಮಂಚದಿಂದ ಬಿದ್ದು ಹುಬ್ಬು ಒಡೆಯಿತು. ನಾವು ಪಕ್ಕದ ಊರಿಗೆ ಹೋಗಿ ತಾಯತ ಕಟ್ಟಿಸಿಕೊಂಡು ಬಂದೆವು. ಕನಸಿಗೆ ತಕ್ಕ ಹಾಗೆ ಕೈಕಾಲು ಆಡಿಸುವ ನಿದ್ದೆ ಕಾಯಿಲೆಯ 1,280 ಜನರನ್ನು ಹಲವು ದೇಶಗಳ 24 ಕೇಂದ್ರಗಳಲ್ಲಿ ಹಿಂಬಾಲಿಸಿ ನೋಡಿದ ಲೆಕ್ಕ 2019ರಲ್ಲಿ ಬಂತು ಎಂದು ಮಗ ಹೇಳಿದ. 12 ವರ್ಷದೊಳಗೆ ನೂರಕ್ಕೆ 73ರಷ್ಟು ಮಂದಿಗೆ ಪಾರ್ಕಿನ್ಸನ್ ಅಥವಾ ಅದೇ ಜಾತಿಯ ಮರೆವಿನ ಕಾಯಿಲೆ ಬರುತ್ತದೆ ಎನ್ನುವ ಲೆಕ್ಕ ಅದು. ನಿದ್ದೆಯಲ್ಲಿ ಒಮ್ಮೆ ಒದ್ದವರೆಲ್ಲ ಇದನ್ನು ಓದಿ ಗಾಬರಿಯಾಗಬೇಡಿ. ಅದನ್ನು ನಿದ್ದೆಯ ಪರೀಕ್ಷೆ ಮಾಡಿಯೇ ಹೇಳಬೇಕಂತೆ.

2014ರಲ್ಲಿ ಇನ್ನೊಂದು ಆಯಿತು. ಡೇರಿಯಲ್ಲಿ ಮೊದಲ ಪರೀಕ್ಷೆ ಯಾವ ಯಂತ್ರದ್ದೂ ಅಲ್ಲ, ಮೂಗಿನದು. ಕ್ಯಾನಿನ ಮುಚ್ಚಳ ತೆಗೆದು ಮೂಗು ಒಡ್ಡಿದರೆ ಹುಳಿ ಗೊತ್ತಾಗುತ್ತದೆ. ಅದರಲ್ಲಿ ಇವರು ನಿಸ್ಸೀಮರು. ಆ ಬೇಸಿಗೆಯಲ್ಲಿ ಎರಡು ಸಲ ಲಾರಿಯಲ್ಲಿ ಹೋದ ಹಾಲು ಹುಳಿ ಬಂದಿದೆ ಎಂದು ವಾಪಸ್ಸಾಯಿತು. ಇವರು ದುಡ್ಡು ತಗೊಂಡು ಯಾರದೋ ಕೆಟ್ಟ ಹಾಲು ಸೇರಿಸಿದರು ಎಂದು ಸಂಘದ ಸಭೆಯಲ್ಲಿ ಮಾತು ಬಂತು. ಮನೆಗೆ ಬಂದು ಊಟ ಮಾಡದೆ ಮಲಗಿದರು. ಮೂಗು ಹೋಗಿತ್ತು, ಅಷ್ಟೆ. ಈ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಹೋಗಬಹುದು ಎಂದು ಆಗ ನಮಗೆ ಯಾರು ಹೇಳಬೇಕಿತ್ತು?

ಇನ್ನು ರಿಜಿಸ್ಟರುಗಳು. ಡೇರಿಯ ಹಳೇ ರಿಜಿಸ್ಟರುಗಳನ್ನು ಹೊಸ ಕಾರ್ಯದರ್ಶಿ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. 2013ರಲ್ಲಿ ಹೆಸರುಗಳು ಕಾಲಂ ತುಂಬ ಕೂತಿವೆ. 2015ಕ್ಕೆ ಸಾಲಿನ ಮೊದಲಲ್ಲಿ ದಪ್ಪಗಿರುವ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಣ್ಣಗಾಗಿದೆ. 2017ರ ಪುಟಗಳು ಸಾಸಿವೆ ಚೆಲ್ಲಿದ ಹಾಗಿವೆ. ಆ ವರ್ಷ ಲೆಕ್ಕ ತಪಾಸಣೆಗೆ ಬಂದವರು ಭೂತಗನ್ನಡಿ ಕೇಳಿದರಂತೆ, ಎಲ್ಲರೂ ನಕ್ಕರಂತೆ. ಈ ಕಾಯಿಲೆಗೆ ಅಕ್ಷರ ಕುಗ್ಗುವುದು ಒಂದು ಗುರುತು. ದಿನಕ್ಕೆ ಎರಡು ಹೊತ್ತಿನಂತೆ ಐದು ವರ್ಷದ ದಾಖಲೆ ನಮ್ಮೂರಿನ ಬೀರುವಿನಲ್ಲೇ ಕೂತಿತ್ತು. ಓದುವವರು ಇರಲಿಲ್ಲ.

ಕಾಯಿಲೆ ಪತ್ತೆಯಾದ ಮೇಲಾದರೂ ಇಂಥ ದಾಖಲೆ ಶುರುವಾಗಬೇಕಿತ್ತಲ್ಲ. ನನ್ನ ಹತ್ತಿರ ಈಗ 27 ಚೀಟಿಗಳಿವೆ. ಮೊದಲ 26 ಒಂದೇ ಆಸ್ಪತ್ರೆಯವು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಅಲ್ಲಿನವರೂ ನೂರಾರು ಜನರನ್ನು ನೋಡಬೇಕು. ಪ್ರತಿ ಸಲವೂ ಬೇರೆ ಬೇರೆ ಡಾಕ್ಟರು. 19 ಚೀಟಿಗಳಲ್ಲಿ ಇರುವುದು ಇಷ್ಟೇ: ಅದೇ ಮಾತ್ರೆ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ. ನಾಲ್ಕನ್ನು ಔಷಧಿ ಅಂಗಡಿಯವನೂ ಓದಲಾರ. ಉಳಿದ ಮೂರರಲ್ಲಿ ಸ್ವಲ್ಪ ಜಾಸ್ತಿಯಾಗಿದೆ ಎಂದಿದೆ. ಯಾವುದಕ್ಕಿಂತ ಜಾಸ್ತಿ? ಎಷ್ಟು ಜಾಸ್ತಿ?

ಒಂದು ಸಲದ ಭೇಟಿಯನ್ನು ಹಾಗೇ ಹೇಳುತ್ತೇನೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು. ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದಳು, ಮುಷ್ಟಿ ಬಿಚ್ಚಿ ಮುಚ್ಚಿಸಿದಳು, ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಲು ಹೇಳಿದಳು. ಕೊನೆಗೆ ಹಿಂದೆ ಹೋಗಿ ನಿಂತು, ನಾನು ಎಳೀತೀನಿ, ಬೀಳದ ಹಾಗೆ ನಿಂತ್ಕೊಳ್ಳಿ ಎಂದು ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆದಳು. ಇವರು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆಗೆ ಆತುಕೊಂಡರು. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಚೀಟಿಯಲ್ಲಿ ಬರೆದದ್ದು ಮಾತ್ರ ಅದೇ ಮಾತ್ರೆ, ಮೂರು ತಿಂಗಳು. ಆ ನಾಲ್ಕು ಹೆಜ್ಜೆ ಎಲ್ಲಿ ಹೋಯಿತು? ಮುಂದಿನ ಸಲ ಆರು ಹೆಜ್ಜೆಯಾದರೆ ಹೋಲಿಸುವವರು ಯಾರು?

ಆ ಪರೀಕ್ಷೆಗಳೆಲ್ಲ ಒಂದು ಅಂಕಪಟ್ಟಿಯವು ಎಂದು ನನಗೆ ಆಮೇಲೆ ತಿಳಿಯಿತು. 1987ರಲ್ಲಿ ಬಂದದ್ದನ್ನು 2008ರಲ್ಲಿ ತಿದ್ದಿ, ಜಗತ್ತಿನಾದ್ಯಂತ ಬಳಸುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಡಾಕ್ಟರು ಕಣ್ಣಾರೆ ನೋಡಿ ಹಾಕುವ ಭಾಗಕ್ಕೆ ಒಟ್ಟು 132. ಇಲ್ಲಿ ಅಂಕ ಹೆಚ್ಚು ಬಂದಷ್ಟೂ ಹಿಂದುಳಿದ ಹಾಗೆ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ತಿಂದು ಎಷ್ಟು ನಿಮಿಷವಾಯಿತು ಎಂದು ಬರೆಯಲು ಅದೇ ಪಟ್ಟಿಯಲ್ಲಿ ಜಾಗವಿದೆ. ಅದು ಎಷ್ಟು ದೊಡ್ಡ ವಿಷಯ ಎಂಬುದು ಮನೆಯವರಿಗೆ ಗೊತ್ತು. ನಾವು ಬೆಳಗಿನ ಐದಕ್ಕೆ ಮಾತ್ರೆ ನುಂಗಿಸಿ ಐದೂವರೆ ಬಸ್ಸು ಹಿಡಿಯುತ್ತೇವೆ. ಹನ್ನೊಂದಕ್ಕೆ ನಮ್ಮನ್ನು ಒಳಗೆ ಕರೆದರೆ ಇವರು ಕಾಲೆಳೆಯುವ ಮುದುಕ. ಹನ್ನೊಂದೂವರೆಗೆ ಎರಡನೇ ಮಾತ್ರೆ ಕೊಟ್ಟು, ಹನ್ನೆರಡೂವರೆಗೆ ಕರೆದರೆ ಮದುಮಗ. ಹೊತ್ತು ಬರೆಯದೆ ಸ್ವಲ್ಪ ಜಾಸ್ತಿಯಾಗಿದೆ ಎಂದು ಬರೆದರೆ ಅದು ಬಟ್ಟೆ ಸಮೇತ ತೂಗಿದ ಮಗುವಿನ ಲೆಕ್ಕ.

ಹಾಗಾಗಿ ನಾನೇ ಒಂದು ನೋಟ್‌ಬುಕ್ಕು ಮಾಡಿದೆ. ಪ್ರತಿ ಸೋಮವಾರ, ಬೆಳಗಿನ ಮಾತ್ರೆ ತಿಂದು ಸರಿಯಾಗಿ ಒಂದು ಗಂಟೆಯಾದ ಮೇಲೆ, ಜಗಲಿಯ ಮೆಟ್ಟಿಲಿನಿಂದ ಕೊಟ್ಟಿಗೆ ಬಾಗಿಲು ಮುಟ್ಟಿ ವಾಪಸ್ಸು ಬರಬೇಕು. ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತೇನೆ. 2019ರಲ್ಲಿ 18 ಸೆಕೆಂಡು. ಆಮೇಲೆ ನೋಟ್‌ಬುಕ್ಕಿನಲ್ಲಿ ಅವರ ಪೂರ್ತಿ ಹೆಸರು, ಊರು, ತಾಲ್ಲೂಕು ಬರೆದು ಸಹಿ ಮಾಡಬೇಕು. ಮಾತ್ರೆಯ ಕಸುವು ಇಳಿದು ಮೈ ಬಿಗಿಯುವ ಹೊತ್ತು, ಬಿದ್ದ ದಿನ, ಮಲಬದ್ಧತೆ, ರಾತ್ರಿ ಕೂಗಿದ್ದು ಎಲ್ಲ ಪಕ್ಕದಲ್ಲಿ. ಹಳೇ ಚಾಳಿ, ಗೆರೆಯನ್ನೂ ಎಳೆದೆ. "ನನ್ನ ಮಾರ್ಕ್ಸ್ ಕಾರ್ಡ್ ಬರೀತಿದ್ದೀಯೇನೆ?" ಎಂದು ಇವರು ನಗುತ್ತಿದ್ದರು.

ಹೋದ ವರ್ಷ ಆ ನೋಟ್‌ಬುಕ್ಕನ್ನು ಮೈಸೂರಿನ ಒಬ್ಬ ಹಿರಿಯ ಡಾಕ್ಟರಿಗೆ ತೋರಿಸಿದೆವು. ಹತ್ತು ನಿಮಿಷ ಮಾತಾಡದೆ ಪುಟ ತಿರುಗಿಸಿದರು. ಗೆರೆ ಹೆಚ್ಚುಕಡಿಮೆ ಒಂದೇ ಸಮನೆ ನಿಧಾನವಾಗಿ ಏರಿದೆ, ಆದರೆ ಆರು ತಿಂಗಳಿಂದ ಬಿಗಿಯುವ ಹೊತ್ತು ಮಾತ್ರ ಮುಂದಕ್ಕೆ ಬಂದಿದೆ ಎಂದು ಬೆರಳಿಟ್ಟು ತೋರಿಸಿದರು. ಮೊದಲು ಮಾತ್ರೆ ಐದು ಗಂಟೆ ಎಳೆಯುತ್ತಿತ್ತು, ಈಗ ಮೂರೂಕಾಲು. ಕಾಯಿಲೆ ಒಮ್ಮೆಲೇ ಹೆಚ್ಚಿಲ್ಲ, ಮಾತ್ರೆಯ ಕಸುವು ಬೇಗ ಇಳಿಯುತ್ತಿದೆ ಎಂದರು. ಮೂರು ಹೊತ್ತಿನದನ್ನು ಒಡೆದು ಐದು ಹೊತ್ತಿಗೆ ಹಂಚಿದರು, ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಿಸಲು ಹೇಳಿದರು. ಮಧ್ಯಾಹ್ನದ ಬಿಗಿತ ಬಹಳ ಕಡಿಮೆಯಾಯಿತು. 27ನೇ ಚೀಟಿ ಅವರದ್ದು. ಅದರಲ್ಲಿ ಅಂಕವೂ ಇದೆ, ಮಾತ್ರೆ ತಿಂದು 70 ನಿಮಿಷ ಎಂದೂ ಇದೆ.

ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಿಮ್ಮ ಬರಹದ ಫೋಟೊ ಕಳಿಸಿ ಇದು ನಿಜವೇ ಎಂದು ಕೇಳಿದೆ. ಅವನು ಹೇಳಿದ ಎರಡು ಸಂಗತಿ ನಿಮ್ಮ ಓದುಗರಿಗೂ ಗೊತ್ತಾಗಲಿ. ಆಕ್ಸ್‌ಫರ್ಡಿನ ಸಂಶೋಧಕರು 2010ರ ಸುಮಾರಿಗೆ 42 ರೋಗಿಗಳ ದನಿಯಿಂದಲೇ ಅಂಕ ಊಹಿಸಲು ನೋಡಿದ್ದರಂತೆ. ಆರು ತಿಂಗಳು ಅವರ ಮನೆಯಲ್ಲೇ 'ಆ' ಎಂದು ಎಳೆಸಿ ಹಿಡಿದ ದನಿಗಳು 5,875. ತಲಾ 140 ಸಲ! ಇನ್ನೊಂದು, 2023ರಲ್ಲಿ ಕಗಲ್ ಎಂಬ ಜಾಲತಾಣದಲ್ಲಿ ನಡೆದ ಸ್ಪರ್ಧೆ. 248 ರೋಗಿಗಳ ಬೆನ್ನುಹುರಿ ನೀರಿನಲ್ಲಿರುವ ಪ್ರೋಟೀನುಗಳ ಲೆಕ್ಕ ಕೊಟ್ಟು, 6, 12, 24 ತಿಂಗಳ ನಂತರ ಅವರ ಅಂಕ ಎಷ್ಟಾಗುತ್ತದೆ ಹೇಳಿ ಎಂದಿದ್ದರಂತೆ. ದೇಶ ದೇಶಗಳ ಜಾಣರೆಲ್ಲ ಕೂತರು. ಕೊನೆಗೆ ಗೆದ್ದವರ ಲೆಕ್ಕದಲ್ಲಿ ಪ್ರೋಟೀನಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ರೋಗಿ ಯಾವ ಯಾವ ತಿಂಗಳು ತಪಾಸಣೆಗೆ ಬಂದಿದ್ದ ಅನ್ನುವುದಂತೆ. ಆರನೇ ತಿಂಗಳಿಗೆ ಬಂದವರ ಅಂಕ ಹೆಚ್ಚಿರುತ್ತಿತ್ತಂತೆ.

ನನಗೆ ನಗು ಬಂತು. "ಹಂಗಾದ್ರೆ ನಮ್ಮಪ್ಪಂದು ಹೇಳೋಕಾಗಲ್ಲ ಕಣಮ್ಮ," ಎಂದು ಅವನೂ ನಕ್ಕ. ನಾವು 2020ರಲ್ಲಿ ಏಳು ತಿಂಗಳು ಹೋಗದೆ ಇದ್ದದ್ದು ಕೊರೊನಾ ಎಂದು, ಇನ್ನೊಂದು ಸಲ ಹೋಗದೆ ಇದ್ದದ್ದು ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಆಳು ಸಿಗದೆ, ಮತ್ತೊಂದು ಸಲ ಹಸು ಕರು ಹಾಕುವುದರಲ್ಲಿತ್ತು ಎಂದು. ಅಲ್ಲಿನವರ ಹಾಜರಿ ಅಲ್ಲಿನ ಕಾಯಿಲೆಯ ಕಥೆ ಹೇಳಿದರೆ, ನಮ್ಮ ಹಾಜರಿ ನಮ್ಮ ಬಸ್ಸಿನ ಕಥೆ ಹೇಳುತ್ತದೆ. ಆ ಸೂತ್ರವನ್ನು ಹಾಗೇ ತಂದು ಇಲ್ಲಿಗೆ ಹಾಕಿದರೆ ಏನು ಬರುತ್ತದೆ? ವಂಶವಾಹಿಯ ವಿಷಯವೂ ಹಾಗೇ ಅಂತೆ. ಅಲ್ಲಿ ಹೆಚ್ಚಾಗಿ ಹುಡುಕುವ ಒಂದು ದೋಷ ನಮ್ಮ ದೇಶದ ರೋಗಿಗಳಲ್ಲಿ ತೀರಾ ಅಪರೂಪ.

ಕೇಂಬ್ರಿಜಿನವರದ್ದು ಇನ್ನೊಂದು ಬಗೆ. ಅವರು ಹೊಸದಾಗಿ ಕಾಯಿಲೆ ಪತ್ತೆಯಾದ 142 ಜನರನ್ನು ಹತ್ತು ವರ್ಷ ಬಿಡದೆ ಹಿಂಬಾಲಿಸಿದರು. ಶುರುವಿನಲ್ಲೇ 90 ಸೆಕೆಂಡಿನಲ್ಲಿ 20 ಪ್ರಾಣಿಗಳ ಹೆಸರು ಹೇಳಲಾಗದವರಿಗೆ, ಒಂದರ ಮೇಲೊಂದು ಕೂತ ಎರಡು ಪಂಚಕೋನಗಳನ್ನು ನೋಡಿ ಬರೆಯಲಾಗದವರಿಗೆ, ವಯಸ್ಸಾದವರಿಗೆ ಮುಂದೆ ಮರೆವು ಬರುವ ಸಂಭವ ಹೆಚ್ಚು ಎಂದು ಕಂಡರು. ಇದನ್ನು ಕೇಳಿದ ದಿನವೇ ನಾನು ಮಾಡಬಾರದ್ದನ್ನು ಮಾಡಿದೆ. ಸಂಜೆ ಕಾಫಿ ಕೊಟ್ಟು, ಪ್ರಾಣಿಗಳ ಹೆಸರು ಹೇಳಿ ನೋಡೋಣ ಎಂದೆ. ಹಸು, ಎಮ್ಮೆ, ಎತ್ತು, ಮೇಕೆ, ಕುರಿ, ನಾಯಿ, ಆನೆ ಎಂದು ಶುರುಮಾಡಿದವರು ಮತ್ತೆ ಕೊಟ್ಟಿಗೆಗೇ ಬಂದರು. ಹಳ್ಳಿಕಾರ್, ಅಮೃತ್ ಮಹಲ್, ಜರ್ಸಿ, ಎಚ್‌ಎಫ್, ಗಿಡ್ಡ ಎಂದು ತಳಿಗಳನ್ನೇ ಎಣಿಸಿದರು. ಅವನ್ನು ಸೇರಿಸಿದರೆ ಇಪ್ಪತ್ತೆರಡು, ಬಿಟ್ಟರೆ ಹದಿನೇಳು. ಮೊಮ್ಮಗಳು ಸೇರಿಸಬೇಕು ಎಂದು ಹಟ ಹಿಡಿದಳು. "ಪಾಸಾ, ಫೇಲಾ?" ಎಂದು ಇವರು ನನ್ನ ಮುಖ ನೋಡಿದರು. ಇವರಿಗೆ ಗೊತ್ತಾಗಿತ್ತು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನೂರಾರು ಜನರ ಲೆಕ್ಕದಲ್ಲಿ ನಿಜವಾದದ್ದನ್ನು ಅಡುಗೆಮನೆಯಲ್ಲಿ ಒಬ್ಬರ ಮೇಲೆ ತೀರ್ಪಿನ ಹಾಗೆ ಹಾಕಬಾರದು ಎಂದು ಅವತ್ತು ಅರ್ಥವಾಯಿತು. ನಿಮ್ಮ ಓದುಗರು ಯಾರೂ ಇದನ್ನು ಮನೆಯಲ್ಲಿ ಮಾಡಬೇಡಿ.

ಅದೇ ಕೇಂಬ್ರಿಜಿನ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹತ್ತು ವರ್ಷವಾದ ಮೇಲೂ ನೂರಕ್ಕೆ ಸುಮಾರು 23 ಮಂದಿ ಮರೆವೂ ಇಲ್ಲದೆ, ಆಯ ತಪ್ಪಿ ಬೀಳುವುದೂ ಇಲ್ಲದೆ ಇದ್ದರು. ನಮ್ಮ ನೆಂಟರಲ್ಲಿ ಭವಿಷ್ಯ ಹೇಳುವವರಿಗೇನೂ ಬರವಿಲ್ಲ. 2018ರಲ್ಲೇ ಒಬ್ಬರು ಬಂದು ಜಗಲಿಯಲ್ಲಿ ಕೂತು, ಇವರಿಗೆ ಕೇಳುವ ಹಾಗೆ, "ನಮ್ಮ ಭಾವನೂ ಹಿಂಗೇ ಇದ್ರು, ಎರಡೇ ವರ್ಷಕ್ಕೆ ಮಂಚ ಹಿಡಿದ್ರು" ಎಂದು ಹೇಳಿ ಕಾಫಿ ಕುಡಿದು ಹೋದರು. ಇವರು ಏಳು ವರ್ಷವಾದರೂ ಹಸುವಿನ ಮೈ ತಿಕ್ಕುತ್ತಿದ್ದಾರೆ. ಮೈಸೂರಿನ ಡಾಕ್ಟರು ಹೇಳಿದ್ದೂ ಅದೇ: ಒಬ್ಬೊಬ್ಬರದ್ದು ಒಂದೊಂದು ವೇಗ, ಇವರ ಮುಂದಿನ ವರ್ಷವನ್ನು ಊಹಿಸಲು ಇವರ ಹಿಂದಿನ ವರ್ಷಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಮನೆಯವರು ಕೇಳುವ ಭವಿಷ್ಯವೂ ಬೇರೆ, ಸ್ವಾಮಿ. 132ಕ್ಕೆ ಎಷ್ಟು ಎಂದು ನನಗೆ ಬೇಡ. ಹಿತ್ತಲಿನ ಕಕ್ಕಸು ತೆಗೆದು ಒಳಗೆ ಕೂರುವ ಕಮೋಡು ಈ ವರ್ಷ ಹಾಕಿಸಬೇಕೋ, ಇನ್ನೆರಡು ವರ್ಷ ತಡೆಯಬಹುದೋ? ಎರಡು ಹಸುವಿನಲ್ಲಿ ಒಂದನ್ನು ಮಾರುವುದೋ? ಬಾಗಿಲು ದಾಟುವಾಗ ಇವರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಹೊಸಿಲಿನ ಈಚೆ ರಂಗೋಲಿ ಪುಡಿಯಲ್ಲಿ ಗೇಣು ಗೇಣಿಗೆ ಅಡ್ಡಗೆರೆ ಎಳೆದರೆ ಗೆರೆ ದಾಟುವ ನೆಪದಲ್ಲಿ ಕಾಲು ಏಳುತ್ತದೆ. ದಿನಾ ಬೆಳಿಗ್ಗೆ ಹೊರಗೊಂದು, ಒಳಗೊಂದು ರಂಗೋಲಿ ನನ್ನದು. ಈ ಉಪಾಯ ಎಷ್ಟು ದಿನ ನಡೆಯುತ್ತದೆ ಎಂಬುದು ನನಗೆ ಬೇಕಾದ ಭವಿಷ್ಯ.

ಕೇಳುವುದು ದೊಡ್ಡದೇನಲ್ಲ. ಬಸುರಿಗೆ ತಾಯಿ ಕಾರ್ಡ್ ಇದೆ. ಯಾವ ಆಸ್ಪತ್ರೆಗೆ ಹೋದರೂ ಅದೇ ಕಾರ್ಡಿನಲ್ಲಿ ತೂಕ, ರಕ್ತ, ಬಿಪಿ ಬರೆಯಲೇಬೇಕು, ಬರೆಯದಿದ್ದರೆ ನಾವು ಕೇಳುತ್ತಿದ್ದೆವು. ಪಾರ್ಕಿನ್ಸನ್ ರೋಗಿಗೂ ಅಂಥದೇ ಒಂದು ಪುಸ್ತಕ ಕೊಡಲಿ, ಕನ್ನಡದಲ್ಲಿ. ವರ್ಷಕ್ಕೆ ಎರಡು ಸಲವಾದರೂ ಅದರಲ್ಲಿ ಅಂಕ, ಎಳೆದಾಗ ಎಷ್ಟು ಹೆಜ್ಜೆ, ಮಾತ್ರೆ ತಿಂದು ಎಷ್ಟು ಹೊತ್ತು ಎಂದು ಬರೆಯಲಿ. ಉಳಿದ ಪುಟಗಳನ್ನು ಮನೆಯವರು ತುಂಬುತ್ತಾರೆ. ಪೂರ್ತಿ ಅಂಕಪಟ್ಟಿಗೆ ಅರ್ಧ ಗಂಟೆ ಬೇಕು, ಅಷ್ಟು ಪುರಸೊತ್ತು ಎಲ್ಲಿ ಎಂದು ಡಾಕ್ಟರುಗಳು ಕೇಳಬಹುದು. 1967ರಿಂದ ಬಳಕೆಯಲ್ಲಿರುವ ಐದು ಹಂತದ ಅಳತೆಯನ್ನಾದರೂ ಬರೆಯಿರಿ. ಒಂದು ಪಕ್ಕವೋ, ಎರಡೂ ಪಕ್ಕವೋ, ಆಯ ತಪ್ಪುತ್ತದೋ, ಆಸರೆ ಬೇಕೋ, ಹಾಸಿಗೆಯೋ. ಒಂದೇ ಅಂಕೆ, ಅರ್ಧ ನಿಮಿಷ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಿಂದ ಮೆದುಳು ಆರೋಗ್ಯದ ಕಾರ್ಯಕ್ರಮ ನಡೆಸುತ್ತಿದೆಯಲ್ಲ, ಆ ಕ್ಲಿನಿಕ್ಕುಗಳ ಮೂಲಕವೇ ಇದನ್ನು ಶುರುಮಾಡಬಹುದು. ಹತ್ತು ವರ್ಷ ಹೀಗೆ ಬರೆದಿಟ್ಟರೆ ನಮ್ಮ ಮಗನಂಥವರಿಗೆ ಲೆಕ್ಕ ಹಾಕಲು ನಮ್ಮವರದ್ದೇ ಗೆರೆಗಳು ಸಿಗುತ್ತವೆ. ಕಾಗದ ಉದ್ದವಾಯಿತು. ಜಾಗ ಸಾಲದಿದ್ದರೆ ಹೋರಿ ಕನಸು, ನೆಂಟರ ಮಾತು ಕತ್ತರಿಸಿ. ಈ ಪುಸ್ತಕದ ವಿಷಯ ಕತ್ತರಿಸಬೇಡಿ.

ಇವರಿಗೆ ಮಾತ್ರ ಯಾವ ಭವಿಷ್ಯವೂ ಬೇಡ. ಪ್ರಾಣಿಗಳ ಹೆಸರು ಹೇಳಿಸಿದ ರಾತ್ರಿ ದೀಪ ಆರಿಸಿದ ಮೇಲೆ, "ನೀನ್ ತಿಳ್ಕೋ, ನಂಗ್ ಹೇಳ್ಬೇಡ" ಎಂದರು. ಅಂದಿನಿಂದ ಗೆರೆ ಇರುವ ಪುಟಕ್ಕೆ ಹಾಳೆ ಮುಚ್ಚಿ, ಸಹಿ ಮಾಡುವ ಪುಟವನ್ನಷ್ಟೇ ಮುಂದಿಡುತ್ತೇನೆ. ಈಗ ತಾಲ್ಲೂಕಿನ ಹೆಸರು ಬರೆಯುವುದನ್ನು ಬಿಟ್ಟಿದ್ದಾರೆ, ಕೈ ಸೋಲುತ್ತದಂತೆ. ಈ ಸೋಮವಾರ ಕೊಟ್ಟಿಗೆಗೆ ಹೋಗಿ ಬರಲು 31 ಸೆಕೆಂಡು ಆಯಿತು. ಹೋದ ಸೋಮವಾರವೂ 31.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ
(ಹೆಸರು ಅಚ್ಚಾಗುವುದು ಮನೆಯವರಿಗೆ ಇಷ್ಟವಿಲ್ಲ, ಪತ್ರಿಕೆಗೆ ಬೇರೆಯಾಗಿ ಬರೆದುಕೊಟ್ಟಿದ್ದೇನೆ.)